ಪಿಟ್ಸ್‌ಬರ್ಗ್: ಉಕ್ಕು ಕರಗಿದ ಊರಿನಲ್ಲಿ ಉಳಿದದ್ದು

ಪಿಟ್ಸ್‌ಬರ್ಗ್‌ನ ಅತಿ ಎತ್ತರದ ಕಟ್ಟಡವನ್ನು ಕಟ್ಟಿಸಿದ್ದು ಯು.ಎಸ್. ಸ್ಟೀಲ್ ಕಂಪನಿ. 1971ರಲ್ಲಿ ತೆರೆದ ಈ 64 ಮಹಡಿಯ ಗೋಪುರಕ್ಕೆ ಬಣ್ಣ ಬಳಿದಿಲ್ಲ. ತುಕ್ಕಿನ ತೆಳುಪದರವನ್ನೇ ಕವಚ ಮಾಡಿಕೊಂಡು ಬಾಳುವ ತನ್ನದೇ ಉಕ್ಕನ್ನು ಕಂಪನಿ ಅದರ ಹೊರಮೈಗೆ ಹಾಕಿತು. ತನ್ನ ಉಕ್ಕಿನ ಗುಣವನ್ನು ಊರಿಗೆಲ್ಲ ಕಾಣುವಂತೆ ನಿಲ್ಲಿಸಬೇಕೆಂಬುದು ಅದರ ಆಸೆ. ಇವತ್ತು ಆ ಗೋಪುರದ ನೆತ್ತಿಯಲ್ಲಿ ರಾತ್ರಿಯಿಡೀ ಬೆಳಗುವ ಅಕ್ಷರಗಳು ಯುಪಿಎಂಸಿ ಎಂಬ ಆಸ್ಪತ್ರೆ ಸಂಸ್ಥೆಯವು. ಉಕ್ಕಿನ ಕಂಪನಿ ಅದೇ ಕಟ್ಟಡದಲ್ಲಿ ಬಾಡಿಗೆಗಿದೆ.

ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮದಲ್ಲಿರುವ ಈ ನಗರದಲ್ಲಿ 1950ರಲ್ಲಿ 6,76,806 ಜನರಿದ್ದರು. 2020ರ ಗಣತಿಯಲ್ಲಿ ಸಿಕ್ಕವರು 3,02,971. ಅರ್ಧಕ್ಕಿಂತ ಹೆಚ್ಚು ಜನರನ್ನು ಕಳೆದುಕೊಂಡ ಊರು ಸಾಮಾನ್ಯವಾಗಿ ಹಾಳುಬೀಳುತ್ತದೆ. ಪಿಟ್ಸ್‌ಬರ್ಗ್ ಹಾಗಾಗಲಿಲ್ಲ, ವೈದ್ಯಕೀಯ, ರೊಬಾಟಿಕ್ಸ್, ವಿಶ್ವವಿದ್ಯಾಲಯಗಳ ಊರಾಗಿ ಮತ್ತೆ ಎದ್ದು ನಿಂತಿತು. ಮುಳುಗಿ ಎದ್ದ ನಗರಕ್ಕೆ ಉದಾಹರಣೆ ಬೇಕಾದಾಗಲೆಲ್ಲ ಅಮೆರಿಕನ್ನರು ಇದರ ಹೆಸರು ಹೇಳುತ್ತಾರೆ. ಆ ಹೊಗಳಿಕೆ ಸುಳ್ಳಲ್ಲ. ಆದರೆ ಎದ್ದವರು ಯಾರು, ಮುಳುಗಿಯೇ ಉಳಿದವರು ಯಾರು ಎಂದು ತಿಳಿಯಬೇಕಿದ್ದರೆ ನಗರದ ನಡುವಿನಿಂದ ಹೊರಟು ನದಿಯ ದಂಡೆ ಹಿಡಿದು ಕೆಲವು ಮೈಲಿ ಹೋಗಬೇಕು.

ನದಿಗಳಿಂದಲೇ ಶುರುಮಾಡೋಣ, ಏಕೆಂದರೆ ಇಲ್ಲಿನ ಎಲ್ಲವೂ ಅವುಗಳಿಂದಲೇ ಶುರುವಾಗಿದ್ದು. ಉತ್ತರದಿಂದ ಅಲಿಗೇನಿ, ದಕ್ಷಿಣದಿಂದ ಮೊನೊಂಗಹೇಲಾ ಹರಿದು ಬಂದು ಒಂದು ಚೂಪು ಮೂಲೆಯಲ್ಲಿ ಕೂಡುತ್ತವೆ. ಅಲ್ಲಿ ಹುಟ್ಟುವ ಒಹಾಯೊ ನದಿ ಸುಮಾರು 1,580 ಕಿಲೋಮೀಟರ್ ಹರಿದು ಮಿಸಿಸಿಪಿಯನ್ನು ಸೇರುತ್ತದೆ. ರೈಲು ಬರುವುದಕ್ಕೆ ಮುಂಚಿನ ಕಾಲದಲ್ಲಿ ಈ ಸಂಗಮ ಯಾರ ಕೈಯಲ್ಲಿದೆಯೋ ಖಂಡದ ಒಳನಾಡಿನ ಹೆಬ್ಬಾಗಿಲು ಅವರ ಕೈಯಲ್ಲಿತ್ತು. 1753ರಲ್ಲಿ ಫ್ರೆಂಚರಿಗೆ ಎಚ್ಚರಿಕೆಯ ಪತ್ರ ಒಯ್ಯುತ್ತಿದ್ದ 21 ವರ್ಷದ ಜಾರ್ಜ್ ವಾಷಿಂಗ್ಟನ್, ಕೋಟೆ ಕಟ್ಟಲು ಇದು ಹೇಳಿ ಮಾಡಿಸಿದ ಜಾಗ ಎಂದು ಗುರುತಿಸಿದ. ಆದರೆ ಮರುವರ್ಷ ಅಲ್ಲಿ ಕೋಟೆ ಎಬ್ಬಿಸಿದವರು ಫ್ರೆಂಚರು. 1758ರ ನವೆಂಬರಿನಲ್ಲಿ ಬ್ರಿಟಿಷ್ ಸೇನಾನಿ ಜಾನ್ ಫೋರ್ಬ್ಸ್ ಬರುವ ಹೊತ್ತಿಗೆ ಫ್ರೆಂಚರು ಅದಕ್ಕೆ ತಾವೇ ಬೆಂಕಿಯಿಟ್ಟು ಹೊರಟುಹೋಗಿದ್ದರು. ಫೋರ್ಬ್ಸ್ ಆ ಜಾಗಕ್ಕೆ ಬ್ರಿಟನ್ನಿನ ಮಂತ್ರಿ ವಿಲಿಯಂ ಪಿಟ್‌ನ ಹೆಸರಿಟ್ಟ.

ಯಾರ ನೆಲದ ಮೇಲೆ ಇದೆಲ್ಲ ನಡೆಯಿತು ಎಂಬುದನ್ನೂ ಹೇಳಬೇಕು. ಸೆನೆಕಾ, ಲೆನಾಪೆ, ಶಾನಿ ಜನರ ನೆಲ ಇದು. 1763ರಲ್ಲಿ ಅವರು ಬ್ರಿಟಿಷರು ಅಲ್ಲಿ ಕಟ್ಟಿದ ಫೋರ್ಟ್ ಪಿಟ್ ಕೋಟೆಗೆ ಮುತ್ತಿಗೆ ಹಾಕಿದಾಗ, ಮಾತುಕತೆಗೆಂದು ಬಂದ ಇಬ್ಬರು ಲೆನಾಪೆ ನಾಯಕರಿಗೆ ಕೋಟೆಯವರು ಸಿಡುಬಿನ ಆಸ್ಪತ್ರೆಯಿಂದ ತಂದ ಎರಡು ಕಂಬಳಿ, ಒಂದು ಕರವಸ್ತ್ರವನ್ನು ಉಡುಗೊರೆಯಾಗಿ ಕೊಟ್ಟರು. ಇದು ಅಂದಿನ ದಾಖಲೆಗಳಲ್ಲೇ ಇರುವ ಸಂಗತಿ. ಕೋಟೆಯ ಭಾಗವಾಗಿ 1764ರಲ್ಲಿ ಕಟ್ಟಿದ ಇಟ್ಟಿಗೆಯ ಪುಟ್ಟ ಬ್ಲಾಕ್‌ಹೌಸ್ ಇನ್ನೂ ನಿಂತಿದೆ. ನಗರದ ಅತಿ ಹಳೆಯ ಕಟ್ಟಡ ಅದೇ. ಸುತ್ತಲಿನ ಸಂಗಮದ ಉದ್ಯಾನದಲ್ಲಿ ಕಾರಂಜಿ ನೋಡಲು ಬಂದವರು ಒಂದು ಹತ್ತು ನಿಮಿಷ ಅದರ ಮುಂದೆಯೂ ನಿಲ್ಲಬೇಕು.

ಇಲ್ಲಿನ ಬೆಟ್ಟಗಳ ವಿಷಯ ಸ್ವಾರಸ್ಯದ್ದು. ಒಂದು ಕಾಲದಲ್ಲಿ ಇದೆಲ್ಲ ಸಮತಟ್ಟಾದ ಪ್ರಸ್ಥಭೂಮಿ. ನದಿ ತೊರೆಗಳು ಅದನ್ನು ಕೊರೆದು ಕೊರೆದು ಆಳದ ಕಣಿವೆಗಳನ್ನು ಮಾಡಿದವು; ಕೊರೆಯದೆ ಬಿಟ್ಟ ಭಾಗವನ್ನು ಇವತ್ತು ಬೆಟ್ಟ ಎನ್ನುತ್ತೇವೆ. ಹಾಗಾಗಿ ಎಲ್ಲ ಗುಡ್ಡಗಳ ನೆತ್ತಿಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದೆ. ನದಿ ಕೊರೆದಾಗ ಗುಡ್ಡದ ಪಕ್ಕೆಯಲ್ಲಿ ಕಲ್ಲಿದ್ದಲಿನ ದಪ್ಪ ಪದರ ತೆರೆದುಕೊಂಡಿತು. ಆಳಕ್ಕೆ ಬಾವಿ ತೋಡುವ ಕಷ್ಟವೇ ಇಲ್ಲ. ಪಕ್ಕದಿಂದ ಅಗೆದು ಕೆಳಗೆ ದೋಣಿಗೆ ಜಾರಿಸಿದರಾಯಿತು. ಸಂಗಮದ ಎದುರಿಗಿರುವ, ಈಗ ಮೌಂಟ್ ವಾಷಿಂಗ್ಟನ್ ಎನ್ನುವ ಗುಡ್ಡಕ್ಕೆ ಆಗ ಇದ್ದ ಹೆಸರು ಕೋಲ್ ಹಿಲ್, ಕಲ್ಲಿದ್ದಲ ಗುಡ್ಡ. ಹತ್ತಿರದ ಕಾನಲ್ಸ್‌ವಿಲ್ ಸೀಮೆಯ ಕಲ್ಲಿದ್ದಲಿನಿಂದ ಕುಲುಮೆಯ ಇಂಧನವಾದ ಉತ್ತಮ ಕೋಕ್ ಆಗುತ್ತಿತ್ತು. ಸುಪೀರಿಯರ್ ಸರೋವರದ ಸುತ್ತಿನ ಅದಿರು ಹಡಗು, ರೈಲು ಹತ್ತಿ ಬಂತು. ಒಂದು ಟನ್ ಕಬ್ಬಿಣ ಮಾಡಲು ಬೇಕಾದ ಇಂಧನ ಪಕ್ಕದಲ್ಲೇ ಸಿಕ್ಕಾಗ ಅದಿರನ್ನು ದೂರದಿಂದ ತಂದರೂ ಲಾಭವೇ.

ಕಣಿವೆಯ ತಳದಲ್ಲಿ ನದಿಗೆ ತಾಗಿದ ಚಿಂದಿಯಷ್ಟು ಅಗಲದ ಬಯಲು ಮಾತ್ರ ಸಪಾಟು. ಆ ಬಯಲನ್ನೆಲ್ಲ ಕಾರ್ಖಾನೆ, ರೈಲುಹಳಿಗಳು ನುಂಗಿದವು. ಕೆಲಸಗಾರರು ಮನೆ ಕಟ್ಟಿಕೊಳ್ಳಲು ಉಳಿದದ್ದು ಕಡಿದಾದ ಇಳಿಜಾರು. ಪಿಟ್ಸ್‌ಬರ್ಗ್‌ನಲ್ಲಿ 700ಕ್ಕೂ ಹೆಚ್ಚು ಸಾರ್ವಜನಿಕ ಮೆಟ್ಟಿಲುಸಾಲುಗಳಿರುವುದಕ್ಕೆ ಕಾರಣ ಇದು. ಅವುಗಳಲ್ಲಿ ಎಷ್ಟೋ ನಗರದ ನಕ್ಷೆಯಲ್ಲಿ ರಸ್ತೆಗಳೆಂದೇ ದಾಖಲಾಗಿವೆ. ಹೆಸರಿನ ಫಲಕ ನೋಡಿ ತಿರುಗಿದ ಕಾರು ಮೆಟ್ಟಿಲ ಬುಡದಲ್ಲಿ ನಿಲ್ಲಬೇಕಾಗುತ್ತದೆ.

ಮೆಟ್ಟಿಲು ಹತ್ತಲಾರದ ಎತ್ತರಕ್ಕೆ ಇನ್‌ಕ್ಲೈನ್‌ಗಳು ಬಂದವು. ಇಳಿಜಾರಿನ ಹಳಿಯ ಮೇಲೆ ಉಕ್ಕಿನ ಹಗ್ಗಕ್ಕೆ ಕಟ್ಟಿದ ಎರಡು ಬೋಗಿಗಳು. ಒಂದು ಇಳಿಯುವಾಗ ಅದರ ಭಾರವೇ ಇನ್ನೊಂದನ್ನು ಮೇಲೆತ್ತಲು ನೆರವಾಗುತ್ತದೆ. ಒಂದು ಕಾಲಕ್ಕೆ ಹದಿನೈದಕ್ಕೂ ಹೆಚ್ಚಿದ್ದ ಇವುಗಳಲ್ಲಿ ಈಗ ಓಡುತ್ತಿರುವುದು 1870ರ ಮೊನೊಂಗಹೇಲಾ ಇನ್‌ಕ್ಲೈನ್ ಮತ್ತು 1877ರ ಡುಕೇನ್ ಇನ್‌ಕ್ಲೈನ್ ಮಾತ್ರ. ಎರಡರಲ್ಲಿ ನಾನು ಆರಿಸುವುದು ಡುಕೇನ್. 1962ರಲ್ಲಿ ಅದು ನಿಂತುಹೋದಾಗ ಮೇಲಿನ ಬಡಾವಣೆಯ ಜನರೇ ಹಣ ಕೂಡಿಸಿ ಮರುವರ್ಷ ಮತ್ತೆ ಓಡಿಸಿದರು. ಮೇಲಿನ ನಿಲ್ದಾಣದ ಯಂತ್ರದ ಕೋಣೆಗೆ ಇಳಿದು ನೋಡಬಹುದು: ಹಗ್ಗ ಸುತ್ತುವ ದೊಡ್ಡ ಚಕ್ರವನ್ನು ತಿರುಗಿಸುವ ಗೇರಿನ ಹಲ್ಲುಗಳು ಇವತ್ತಿಗೂ ಮರದವು. ಹಲ್ಲು ಸವೆದರೆ ಅದೊಂದನ್ನೇ ಕಿತ್ತು ಹೊಸದು ಕೂರಿಸಿದರಾಯಿತು, ಇಡೀ ಚಕ್ರ ಬದಲಿಸಬೇಕಿಲ್ಲ. ಬೋಗಿ ಸುಮಾರು 30 ಡಿಗ್ರಿ ಇಳಿಜಾರಿನಲ್ಲಿ 120 ಮೀಟರಿನಷ್ಟು ಮೇಲೇರುತ್ತದೆ. ಮೇಲಿನಿಂದ ಮೂರು ನದಿ, ಹಳದಿ ಬಣ್ಣದ ಸೇತುವೆಗಳ ಸಾಲು, ನಡುವೆ ತ್ರಿಕೋನವಾಗಿ ಒತ್ತಿಕೊಂಡ ನಗರ ಒಂದೇ ನೋಟಕ್ಕೆ ಸಿಗುತ್ತವೆ. ಅಮೆರಿಕದ ನಗರಗಳಲ್ಲಿ ಇಷ್ಟು ಚೆಂದದ ನೋಟ ಹೆಚ್ಚಿಲ್ಲ.

ಈ ನೋಟ ನೂರು ವರ್ಷದ ಹಿಂದೆ ಇರಲಿಲ್ಲ, ಇದ್ದದ್ದು ಹೊಗೆ. ಮಧ್ಯಾಹ್ನವೇ ಬೀದಿದೀಪ ಹಚ್ಚಬೇಕಾಗುತ್ತಿತ್ತು. ಕಚೇರಿಯ ನೌಕರರು ಬೆಳಗ್ಗೆ ತೊಟ್ಟ ಬಿಳಿ ಅಂಗಿ ಮಧ್ಯಾಹ್ನಕ್ಕೆ ಮಾಸುತ್ತದೆಂದು ಇನ್ನೊಂದನ್ನು ಜೊತೆಗೇ ಒಯ್ಯುತ್ತಿದ್ದರು. ಆ ಹೊಗೆಯ ಹಿಂದಿದ್ದ ದೊಡ್ಡ ಹೆಸರು ಆಂಡ್ರ್ಯೂ ಕಾರ್ನೆಗಿ. ಸ್ಕಾಟ್ಲೆಂಡಿನ ನೇಕಾರನ ಮಗ. 1848ರಲ್ಲಿ ಹನ್ನೆರಡರ ಹುಡುಗನಾಗಿ ಇಲ್ಲಿಗೆ ಬಂದು ಹತ್ತಿ ಗಿರಣಿಯಲ್ಲಿ ವಾರಕ್ಕೆ 1 ಡಾಲರ್ 20 ಸೆಂಟ್ ದುಡಿದವನು. 1875ರಲ್ಲಿ ಬ್ರಾಡಕ್ ಎಂಬಲ್ಲಿ ಅವನ ಎಡ್ಗರ್ ಥಾಮ್ಸನ್ ಉಕ್ಕಿನ ಕಾರ್ಖಾನೆ ಶುರುವಾಯಿತು. 1901ರಲ್ಲಿ ತನ್ನ ಉದ್ಯಮವನ್ನೆಲ್ಲ ಜೆ.ಪಿ. ಮಾರ್ಗನ್‌ಗೆ 48 ಕೋಟಿ ಡಾಲರಿಗೆ ಮಾರಿದ. ಯು.ಎಸ್. ಸ್ಟೀಲ್ ಹುಟ್ಟಿದ್ದು ಆಗ.

ಇವೆರಡರ ನಡುವೆ 1892ರ ಜುಲೈ 6 ಇದೆ. ಬ್ರಾಡಕ್‌ನ ಹತ್ತಿರವೇ, ಮೊನೊಂಗಹೇಲಾದ ಇನ್ನೊಂದು ದಡದಲ್ಲಿರುವ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿ ಇಳಿಸುವ ವಿಚಾರಕ್ಕೆ ಸಂಘಕ್ಕೂ ಆಡಳಿತಕ್ಕೂ ಜಗಳವಾಗಿತ್ತು. ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿದ್ದ. ಇಲ್ಲಿ ಅಧಿಕಾರ ನಡೆಸುತ್ತಿದ್ದವನು ಹೆನ್ರಿ ಕ್ಲೇ ಫ್ರಿಕ್. ಅವನು ಕಾರ್ಖಾನೆಗೆ ಬೀಗ ಜಡಿದು, ಪಿಂಕರ್ಟನ್ ಸಂಸ್ಥೆಯ 300 ಬಂದೂಕುಧಾರಿಗಳನ್ನು ರಾತ್ರೋರಾತ್ರಿ ಎರಡು ದೋಣಿಗಳಲ್ಲಿ ತರಿಸಿದ. ದಡದಲ್ಲಿ ಕೆಲಸಗಾರರು, ಅವರ ಹೆಂಗಸರು, ಮಕ್ಕಳು ನೆರೆದಿದ್ದರು. ಬೆಳಗಿನಿಂದ ಸಂಜೆಯವರೆಗೆ ಗುಂಡು ಹಾರಿತು. ಏಳು ಕೆಲಸಗಾರರು, ಮೂವರು ಪಿಂಕರ್ಟನ್‌ಗಳು ಸತ್ತರು. ಅಂದು ಗೆದ್ದವರು ಕೆಲಸಗಾರರೇ. ಆದರೆ ಕೆಲವೇ ದಿನಗಳಲ್ಲಿ ರಾಜ್ಯಪಾಲ 8,500 ಸೈನಿಕರನ್ನು ಕಳಿಸಿದ, ಸಂಘ ಮುರಿಯಿತು. ಈ ಕಾರ್ಖಾನೆಗಳು ಮತ್ತೆ ಕಾರ್ಮಿಕ ಸಂಘವನ್ನು ಒಪ್ಪಿಕೊಂಡದ್ದು 1937ರಲ್ಲಿ. ಅಲ್ಲಿಯವರೆಗೆ ಒಂದಿಡೀ ತಲೆಮಾರು ಸಂಘವಿಲ್ಲದೆ ದುಡಿಯಿತು. ದಿನಕ್ಕೆ ಹನ್ನೆರಡು ಗಂಟೆಯ ಪಾಳಿ 1923ರವರೆಗೂ ಇತ್ತು.

ಕಾರ್ನೆಗಿ ಮುಂದೆ ಜಗತ್ತಿನಾದ್ಯಂತ 2,509 ಗ್ರಂಥಾಲಯಗಳಿಗೆ ಹಣ ಕೊಟ್ಟ. ಅಮೆರಿಕದಲ್ಲಿ ಅವನ ಮೊದಲ ಗ್ರಂಥಾಲಯ 1889ರಲ್ಲಿ ಬ್ರಾಡಕ್‌ನಲ್ಲೇ ತೆರೆಯಿತು. ಪಾಳಿ ಮುಗಿಸಿ ಬಂದವರು ಮೈತೊಳೆದು ಪುಸ್ತಕ ಮುಟ್ಟಲೆಂದು ಅದರ ನೆಲಮಾಳಿಗೆಯಲ್ಲಿ ಸ್ನಾನದ ಮನೆಗಳಿದ್ದವು. ಒಳ್ಳೆಯ ಯೋಚನೆ. ಆದರೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ಬೆಂದವನಿಗೆ ಓದಲು ಕಣ್ಣಲ್ಲಿ ಎಷ್ಟು ಶಕ್ತಿ ಉಳಿದೀತು? ಈ ದಾನವನ್ನು ನಾನು ಅಲ್ಲಗಳೆಯಲಾರೆ, ಅದರಿಂದ ಹೋಮ್‌ಸ್ಟೆಡ್‌ನ ಲೆಕ್ಕ ತೀರಿತೆಂದೂ ಒಪ್ಪಲಾರೆ.

ಆ ಲೆಕ್ಕವನ್ನು ಬಣ್ಣದಲ್ಲಿ ಬರೆದಿಟ್ಟ ಒಂದು ಜಾಗವಿದೆ. ಅಲಿಗೇನಿ ನದಿಯಾಚೆಯ ಮಿಲ್‌ವೇಲ್‌ನಲ್ಲಿ, ಗುಡ್ಡದ ಮೇಲೆ ಕ್ರೊಯೇಷಿಯಾದ ವಲಸಿಗರು ಕಟ್ಟಿಕೊಂಡ ಸೇಂಟ್ ನಿಕೊಲಸ್ ಚರ್ಚು. 1937 ಮತ್ತು 1941ರಲ್ಲಿ ಮ್ಯಾಕ್ಸೊ ವಾಂಕಾ ಎಂಬ ಕಲಾವಿದ ಅದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಒಂದು ಗೋಡೆಯಲ್ಲಿ ಸತ್ತ ಯುವ ಕೆಲಸಗಾರನ ದೇಹವನ್ನು ಹರಡಿದ ಸುದ್ದಿಪತ್ರಿಕೆಗಳ ಮೇಲೆ ಮಲಗಿಸಿದ್ದಾರೆ. ಸುತ್ತ ತಲೆವಸ್ತ್ರ ಹೊದ್ದ ತಾಯಂದಿರು. ಇನ್ನೊಂದು ಗೋಡೆಯಲ್ಲಿ ಧಣಿಯೊಬ್ಬ ಒಬ್ಬನೇ ಊಟದ ಮೇಜಿಗೆ ಕೂತು ಷೇರುಪೇಟೆಯ ವರದಿ ಓದುತ್ತಿದ್ದಾನೆ. ಮತ್ತೊಂದರಲ್ಲಿ ಅನ್ಯಾಯ ಎಂಬುದು ವಿಷಾನಿಲದ ಮುಖವಾಡ ಹಾಕಿಕೊಂಡು ತಕ್ಕಡಿ ಹಿಡಿದು ನಿಂತಿದೆ. ಅದರಲ್ಲಿ ರೊಟ್ಟಿಗಿಂತ ಚಿನ್ನದ ತಟ್ಟೆ ಕೆಳಗಿಳಿದಿದೆ. ಭಾನುವಾರ ಪೂಜೆಗೆ ಬರುವ ಗಣಿಯವರು, ಕುಲುಮೆಯವರು ಇವನ್ನು ನೋಡುತ್ತ ಪ್ರಾರ್ಥಿಸುತ್ತಿದ್ದರು. ಪಿಟ್ಸ್‌ಬರ್ಗ್‌ನ ಮಗನಾದ ಕಲಾವಿದ ಆಂಡಿ ವಾರ್ಹಾಲ್‌ನ ಹೆಸರಿನ ಏಳು ಮಹಡಿಯ ವಸ್ತುಸಂಗ್ರಹಾಲಯ ಜಗತ್ಪ್ರಸಿದ್ಧ, ನೋಡತಕ್ಕದ್ದೇ. ಆದರೆ ಒಂದೇ ಮಧ್ಯಾಹ್ನವಿದ್ದರೆ ಮಿಲ್‌ವೇಲ್‌ಗೆ ಹೋಗಿ ಎನ್ನುತ್ತೇನೆ.

ಹೊಗೆ ತೊಲಗಿಸುವ ಕಾನೂನು 1941ರಲ್ಲೇ ಬಂದರೂ ಜಾರಿಯಾದದ್ದು ಯುದ್ಧ ಮುಗಿದ ಮೇಲೆ, ಮೇಯರ್ ಡೇವಿಡ್ ಲಾರೆನ್ಸ್ ಮತ್ತು ಬ್ಯಾಂಕಿನ ಧಣಿ ರಿಚರ್ಡ್ ಕಿಂಗ್ ಮೆಲನ್ ಕೈಜೋಡಿಸಿದಾಗ. ಒಬ್ಬ ಡೆಮಾಕ್ರಟ್, ಇನ್ನೊಬ್ಬ ರಿಪಬ್ಲಿಕನ್. ನಗರದೊಳಗೆ ಆಕಾಶ ತಿಳಿಯಾಗುತ್ತಿದ್ದಾಗಲೇ ಮೊನೊಂಗಹೇಲಾ ದಂಡೆಯ ಡೊನೋರಾ ಪಟ್ಟಣದಲ್ಲಿ 1948ರ ಅಕ್ಟೋಬರಿನ ಕೊನೆಯ ದಿನಗಳಲ್ಲಿ ಸತು ಕಾರ್ಖಾನೆಯ ವಿಷಹೊಗೆ ಕಣಿವೆಯಲ್ಲೇ ನಿಂತುಬಿಟ್ಟಿತು. 20 ಜನ ಸತ್ತರು, ಸಾವಿರಾರು ಜನ ಕಾಯಿಲೆ ಬಿದ್ದರು. ಅಮೆರಿಕದ ವಾಯುಮಾಲಿನ್ಯ ಕಾನೂನುಗಳ ಚರಿತ್ರೆ ಈ ಪಟ್ಟಣದ ಹೆಸರಿಲ್ಲದೆ ಶುರುವಾಗುವುದಿಲ್ಲ.

ನಗರವನ್ನು ಹೊಸದು ಮಾಡುವ ಭರದಲ್ಲಿ ಇನ್ನೊಂದು ಗಾಯವಾಯಿತು. ಪೇಟೆಯ ಪಕ್ಕದ ಹಿಲ್ ಡಿಸ್ಟ್ರಿಕ್ಟ್ ಕಪ್ಪು ಜನರ ಜಾಝ್ ಕ್ಲಬ್ಬು, ಅಂಗಡಿ, ಪತ್ರಿಕೆಗಳಿಂದ ತುಂಬಿದ್ದ ಬಡಾವಣೆ. 1950ರ ದಶಕದಲ್ಲಿ ಅದರ ಕೆಳಭಾಗವನ್ನು ಪೂರಾ ಕೆಡವಿ ಸುಮಾರು 8,000 ಜನರನ್ನು ಎಬ್ಬಿಸಿದರು. ಅಲ್ಲಿ ಎದ್ದದ್ದು ತೆರೆದು ಮುಚ್ಚುವ ಗುಮ್ಮಟದ ಕ್ರೀಡಾಂಗಣ. ಐವತ್ತು ವರ್ಷ ಬಾಳಿದ ಆ ಕ್ರೀಡಾಂಗಣವನ್ನೂ ಈಗ ಕೆಡವಿಯಾಗಿದೆ. ಆ ಬಡಾವಣೆಯ ಬದುಕನ್ನು ಉಳಿಸಿದವನು ಅಲ್ಲೇ 1945ರಲ್ಲಿ ಹುಟ್ಟಿದ ನಾಟಕಕಾರ ಆಗಸ್ಟ್ ವಿಲ್ಸನ್. ಇಪ್ಪತ್ತನೇ ಶತಮಾನದ ದಶಕಕ್ಕೊಂದರಂತೆ ಬರೆದ ಅವನ ಹತ್ತು ನಾಟಕಗಳಲ್ಲಿ ಒಂಬತ್ತು ನಡೆಯುವುದು ಹಿಲ್‌ನ ಬೀದಿ, ಹಿತ್ತಿಲುಗಳಲ್ಲಿ. ಅವನು ಬೆಳೆದ ಬೆಡ್‌ಫರ್ಡ್ ಅವೆನ್ಯೂದ ಮನೆ ಈಗ ಕಲಾಕೇಂದ್ರ.

1980ರ ದಶಕದಲ್ಲಿ ಉಕ್ಕು ಕುಸಿಯಿತು. ಹಳೆಯ ಯಂತ್ರಗಳು, ಹೊರದೇಶದ ಅಗ್ಗದ ಉಕ್ಕು, ಗುಜರಿಯಿಂದಲೇ ಉಕ್ಕು ತೆಗೆಯುವ ಸಣ್ಣ ಗಿರಣಿಗಳು, ಎಲ್ಲ ಒಟ್ಟಿಗೆ ಬಂದು ಬಡಿದವು. 1986ರಲ್ಲಿ ಹೋಮ್‌ಸ್ಟೆಡ್ ಮುಚ್ಚಿತು. ಆ ಜಾಗದಲ್ಲಿ ಇವತ್ತು ಒಂದು ಶಾಪಿಂಗ್ ಸಂಕೀರ್ಣವಿದೆ; ಪಾರ್ಕಿಂಗಿನ ಪಕ್ಕ ಹಳೆಯ ಕಾರ್ಖಾನೆಯ ಹನ್ನೆರಡು ಚಿಮಣಿಗಳು ಸಾಲಾಗಿ ನಿಂತಿವೆ. 1892ರ ಕಾಳಗ ನಡೆದ ದಡದಲ್ಲಿ ಕಾರ್ಖಾನೆಯ ಪಂಪ್‌ಹೌಸ್ ಉಳಿದಿದೆ.

ಉಕ್ಕಿಗೆ ಬೇಕಾದ ಕಬ್ಬಿಣ ಹೇಗೆ ಆಗುತ್ತಿತ್ತೆಂದು ಕಣ್ಣಾರೆ ತಿಳಿಯಲು ನದಿಯಾಚೆಯ ಕ್ಯಾರಿ ಊದುಕುಲುಮೆಗಳಿಗೆ ಹೋಗಬೇಕು. 1907ರ ಸುಮಾರಿಗೆ ಕಟ್ಟಿದ, 28 ಮೀಟರ್ ಎತ್ತರದ 6 ಮತ್ತು 7ನೇ ಕುಲುಮೆಗಳು ತುಕ್ಕು ಹಿಡಿದು ನಿಂತಿವೆ. ಬೇಸಿಗೆಯ ತಿಂಗಳುಗಳಲ್ಲಿ ಒಳಗೆ ಕರೆದುಕೊಂಡು ಹೋಗುತ್ತಾರೆ. ಹಿಂದೆ ಉಕ್ಕಿನ ಕೆಲಸ ಮಾಡಿದವರೇ ಮಾರ್ಗದರ್ಶಕರಾಗಿ ಸಿಗುವುದುಂಟು. ಅದಿರು, ಕೋಕ್, ಸುಣ್ಣಕಲ್ಲುಗಳನ್ನು ತುಂಬಿದ ಡಬ್ಬಿಗಾಡಿ ಇಳಿಜಾರಿನ ಹಳಿಯಲ್ಲಿ ನೆತ್ತಿಗೆ ಏರಿ ಬಾಯೊಳಗೆ ಸುರಿಯುತ್ತಿತ್ತು. ಬುಡದಿಂದ ಕಾದ ಗಾಳಿ ಊದುತ್ತಿದ್ದರು. ತಳದಲ್ಲಿ ಕೂಡಿದ ಕಬ್ಬಿಣ ಹೊರಬರದಂತೆ ತೂತಿಗೆ ಜೇಡಿಮಣ್ಣಿನ ಬಿರಡೆ. ಹೊತ್ತಾದಾಗ ಅದನ್ನು ಕೊರೆದರೆ ಕರಗಿದ ಕಬ್ಬಿಣ ನೆಲದ ಮೇಲಿನ ಕಾಲುವೆಯಲ್ಲಿ ಹರಿದು ಕೆಳಗೆ ಕಾದಿದ್ದ ರೈಲುಬಂಡಿಗೆ ಬೀಳುತ್ತಿತ್ತು. ಆ ಬಂಡಿ ಕಬ್ಬಿಣ ಆರುವ ಮೊದಲೇ ಸೇತುವೆ ದಾಟಿ ಹೋಮ್‌ಸ್ಟೆಡ್ ಮುಟ್ಟಬೇಕು. ಆ ಕಾಲುವೆಯ ಅಂಚಿನಲ್ಲಿ ನಿಂತರೆ, ಅದರಿಂದ ಒಂದೆರಡು ಹೆಜ್ಜೆ ದೂರದಲ್ಲಿ ಮನುಷ್ಯರು ಸಲಿಕೆ ಹಿಡಿದು ನಿಲ್ಲುತ್ತಿದ್ದರು ಎಂಬುದು ಮೈಗೆ ತಿಳಿಯುತ್ತದೆ. ಕುಲುಮೆ ಆರಿ ಪಾಳುಬಿದ್ದ ಕಾಲದಲ್ಲಿ, 1990ರ ದಶಕದ ಕೊನೆಗೆ, ಕೆಲವು ಕಲಾವಿದರು ಯಾರ ಅಪ್ಪಣೆಯೂ ಇಲ್ಲದೆ ಒಳಹೊಕ್ಕು, ಅಲ್ಲೇ ಬಿದ್ದಿದ್ದ ಕೊಳವೆ, ತಂತಿಗಳಿಂದ ಜಿಂಕೆಯ ದೈತ್ಯ ತಲೆಯೊಂದನ್ನು ಕಟ್ಟಿದರು. ಅದೂ ಈಗ ಕುಲುಮೆಗಳೊಂದಿಗೆ ನಿಂತಿದೆ.

ನಮ್ಮ ದೇಶದ ಉಕ್ಕಿಗೂ ಇಲ್ಲಿಗೂ ನಂಟಿದೆ. ಜಮ್ಷೆಡ್‌ಪುರದ ಟಾಟಾ ಕಾರ್ಖಾನೆಯ ವಿನ್ಯಾಸ, ಆ ಊರಿನ ಮೊದಲ ನಕ್ಷೆ ಎರಡರ ಹಿಂದೆಯೂ ಪಿಟ್ಸ್‌ಬರ್ಗ್‌ನ ಎಂಜಿನಿಯರ್ ಜೂಲಿಯನ್ ಕೆನಡಿಯ ಸಂಸ್ಥೆಯಿತ್ತು. ಅರ್ಧ ಶತಮಾನದ ಮೇಲೆ ನಮ್ಮವರು ಎಂಜಿನಿಯರ್‌ಗಳಾಗಿ, ವೈದ್ಯರಾಗಿ ಇಲ್ಲಿಗೆ ಬಂದರು. ಪೂರ್ವದ ಪೆನ್ ಹಿಲ್ಸ್‌ನಲ್ಲಿ ಅವರು ಕಟ್ಟಿಸಿದ ಶ್ರೀ ವೆಂಕಟೇಶ್ವರ ದೇವಾಲಯಕ್ಕೆ 1977ರಲ್ಲಿ ಪ್ರತಿಷ್ಠೆಯಾಯಿತು. ದಕ್ಷಿಣದ ಆಗಮ ಪದ್ಧತಿಯಲ್ಲಿ ಅಮೆರಿಕದಲ್ಲೆದ್ದ ಮೊದಮೊದಲ ದೇವಾಲಯಗಳಲ್ಲಿ ಇದೊಂದು. ಹಿಮ ಬಿದ್ದ ಗುಡ್ಡದಲ್ಲಿ ಬಿಳಿ ಗೋಪುರ ನೋಡಲೆಂದು ದೂರದ ರಾಜ್ಯಗಳ ಕನ್ನಡ, ತೆಲುಗು, ತಮಿಳು ಕುಟುಂಬಗಳು ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬರುತ್ತವೆ.

ಹೊಸ ಪಿಟ್ಸ್‌ಬರ್ಗ್ ಇರುವುದು ಓಕ್‌ಲೆಂಡ್ ಬಡಾವಣೆಯಲ್ಲಿ. ಅಲ್ಲಿ 42 ಮಹಡಿಯ ಕೆಥೀಡ್ರಲ್ ಆಫ್ ಲರ್ನಿಂಗ್ ಇದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಈ ಗೋಪುರ ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಪೂರ್ಣಗೊಂಡದ್ದು. ಒಂದು ಇಟ್ಟಿಗೆಗೆಂದು ಹತ್ತು ಸೆಂಟಿನಂತೆ ಕೊಟ್ಟ ಶಾಲಾಮಕ್ಕಳ ಸಂಖ್ಯೆ ಸುಮಾರು 97,000. ಅದರೊಳಗೆ ಈ ಊರಿಗೆ ಬಂದ ಜನಾಂಗಗಳ ಹೆಸರಿನಲ್ಲಿ 31 ತರಗತಿ ಕೋಣೆಗಳಿವೆ. 2000ದಲ್ಲಿ ಸೇರಿದ ಭಾರತದ ಕೋಣೆಗೆ ನಾಲಂದದ ಇಟ್ಟಿಗೆ ಅಂಗಳವೇ ಮಾದರಿ. ಜೋನಸ್ ಸಾಲ್ಕ್ ಪೋಲಿಯೊ ಲಸಿಕೆ ಕಂಡುಹಿಡಿದದ್ದು ಈ ವಿಶ್ವವಿದ್ಯಾಲಯದಲ್ಲಿ. ಅದು ಸುರಕ್ಷಿತ, ಫಲಕಾರಿ ಎಂದು ಜಗತ್ತಿಗೆ ಗೊತ್ತಾದದ್ದು 1955ರ ಏಪ್ರಿಲ್ 12ರಂದು. ಪಕ್ಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಶುರುವಾದ ರೊಬಾಟಿಕ್ಸ್ ಸಂಸ್ಥೆಯ ಮೊದಲ ನಿರ್ದೇಶಕರು ಆಂಧ್ರದ ಕಾಟೂರಿನ ರಾಜ್ ರೆಡ್ಡಿ. ಕುಲುಮೆಯ ಹಣದಿಂದ ಎದ್ದ ಸಂಸ್ಥೆಗಳು ಕುಲುಮೆ ಆರಿದ ಮೇಲೆ ಊರನ್ನು ಎತ್ತಿ ಹಿಡಿದವು.

ಹಾಗಾದರೆ ಕಾರ್ಖಾನೆಯ ಊರುಗಳಿಗೆ ಏನಾಯಿತು? ಇಲ್ಲಿ ಆಡಳಿತದ ಗಡಿಯ ಮಾತು ಬರುತ್ತದೆ. ದೊಡ್ಡ ಕಾರ್ಖಾನೆಗಳು ಹೆಚ್ಚಾಗಿ ಇದ್ದದ್ದು ನಗರದ ಎಲ್ಲೆಯ ಹೊರಗೆ, ಬ್ರಾಡಕ್, ಹೋಮ್‌ಸ್ಟೆಡ್, ಡುಕೇನ್, ಕ್ಲೇರ್ಟನ್‌ನಂಥ ಸ್ವತಂತ್ರ ಪಟ್ಟಣಗಳಲ್ಲಿ. ಪಿಟ್ಸ್‌ಬರ್ಗ್ ಇರುವ ಈ ಒಂದು ಕೌಂಟಿಯಲ್ಲೇ (ಜಿಲ್ಲೆಯಲ್ಲೇ) ಇಂಥ 130 ಸ್ಥಳೀಯ ಆಡಳಿತಗಳಿವೆ. ಕಾರ್ಖಾನೆ ಮುಚ್ಚಿದಾಗ ಇಲ್ಲವೇ ಕುಗ್ಗಿದಾಗ ಪಟ್ಟಣದ ತೆರಿಗೆಯೂ ಹೋಯಿತು. ಶಾಲೆ, ಪೊಲೀಸು, ಚರಂಡಿಗೆ ಹಣವಿಲ್ಲ. ಓಕ್‌ಲೆಂಡಿನ ಸಮೃದ್ಧಿ ಗಡಿ ದಾಟಿ ಹರಿಯುವ ದಾರಿಯೇ ಇರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಸುಮಾರು 20,000 ಜನರಿದ್ದ ಬ್ರಾಡಕ್‌ನಲ್ಲಿ ಈಗ 2,000ಕ್ಕೂ ಕಡಿಮೆ. 2010ರಲ್ಲಿ ಅಲ್ಲಿನ ಆಸ್ಪತ್ರೆಯನ್ನು ಯುಪಿಎಂಸಿ ಮುಚ್ಚಿತು. ಅಲ್ಲೇ ಹುಟ್ಟಿದ ಛಾಯಾಗ್ರಾಹಕಿ ಲಟೋಯಾ ರೂಬಿ ಫ್ರೇಜಿಯರ್ ತನ್ನ ಅಜ್ಜಿ, ತಾಯಿ ಮತ್ತು ತನ್ನನ್ನೇ ವರ್ಷಾನುಗಟ್ಟಲೆ ಚಿತ್ರಿಸಿ, ಊರಿನ ಕಾಯಿಲೆ ಮನೆಯವರ ಮೈಯೊಳಗೂ ಇದೆ ಎಂದು ತೋರಿಸಿದಳು.

ನಗರದೊಳಗೂ ಎಲ್ಲ ಸರಿಯಿದೆ ಎನ್ನುವಂತಿಲ್ಲ. 446 ಸೇತುವೆಗಳ ಊರೆಂದು ಹೆಮ್ಮೆಪಡುವ ಪಿಟ್ಸ್‌ಬರ್ಗ್‌ನಲ್ಲಿ 2022ರ ಜನವರಿ 28ರ ಬೆಳಗ್ಗೆ ಫರ್ನ್ ಹಾಲೊ ಸೇತುವೆ ಬಸ್ಸು, ಕಾರುಗಳ ಸಮೇತ ಕುಸಿಯಿತು. ಯಾರೂ ಸಾಯಲಿಲ್ಲ. ಕಟ್ಟಿಕೊಂಡ ಮೋರಿಗಳಿಂದ ಸೋರಿದ ನೀರು, ಕಸ ಕಂಬದ ಬುಡದಲ್ಲಿ ನಿಂತು, ತುಕ್ಕಿನ ಕವಚವಿರುವ ಉಕ್ಕನ್ನೂ ತಿಂದುಹಾಕಿತ್ತು. ಆ ಜಾತಿಯ ಉಕ್ಕಿಗೆ ಒಣಗಲು ಬಿಡುವು ಬೇಕು. ತಪಾಸಣೆಯವರು ವರ್ಷವರ್ಷವೂ ಬರೆದುಕೊಟ್ಟದ್ದನ್ನು ನಗರಾಡಳಿತ ಕಿವಿಗೆ ಹಾಕಿಕೊಂಡಿರಲಿಲ್ಲ ಎಂದು ಕೇಂದ್ರದ ತನಿಖೆ ಹೇಳಿತು.

ಉಕ್ಕು ಪೂರ್ತಿ ಹೋಗಿಲ್ಲ ಎಂಬುದನ್ನೂ ಮರೆಯಬಾರದು. 1875ರ ಎಡ್ಗರ್ ಥಾಮ್ಸನ್ ಕಾರ್ಖಾನೆ ಬ್ರಾಡಕ್‌ನಲ್ಲಿ ಇಂದಿಗೂ ಉಕ್ಕು ಮಾಡುತ್ತಿದೆ. ಅದಕ್ಕೆ ಬೇಕಾದ ಕೋಕ್ ಮೊನೊಂಗಹೇಲಾ ದಂಡೆಯ ಕ್ಲೇರ್ಟನ್‌ನಿಂದ ಬರುತ್ತದೆ. 2025ರ ಜೂನ್‌ನಲ್ಲಿ ಯು.ಎಸ್. ಸ್ಟೀಲ್ ಜಪಾನಿನ ನಿಪ್ಪಾನ್ ಸ್ಟೀಲ್ ಪಾಲಾಯಿತು. ಆಗಸ್ಟ್‌ನಲ್ಲಿ ಕ್ಲೇರ್ಟನ್ ಸ್ಥಾವರದಲ್ಲಿ ಸ್ಫೋಟವಾಗಿ ಇಬ್ಬರು ಕೆಲಸಗಾರರು ಸತ್ತರು. ಗಾಳಿ ಬೀಸದ ಮುಂಜಾನೆಗಳಲ್ಲಿ ಆ ಕಣಿವೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ತುಂಬಿಕೊಳ್ಳುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ಕಾರ್ನೆಗಿ ಮೆಲನ್‌ನ ಪ್ರಯೋಗಾಲಯವೊಂದು 2016ರಲ್ಲಿ ಇದಕ್ಕೆಂದೇ ಒಂದು ಮೊಬೈಲ್ ಆ್ಯಪ್ ಮಾಡಿಕೊಟ್ಟಿತು. ಯಾವ ಬೀದಿಯಲ್ಲಿ, ಯಾವ ಹೊತ್ತಿಗೆ, ಎಂಥ ವಾಸನೆ, ಗಂಟಲು ಕೆರೆಯಿತೇ, ತಲೆನೋವು ಬಂತೇ ಎಂದು ಜನ ಅದರಲ್ಲಿ ಬರೆಯುತ್ತಾರೆ. ಬರೆದದ್ದು ನಕ್ಷೆಯ ಮೇಲೆ ಬಣ್ಣದ ಗುರುತಾಗಿ ಎಲ್ಲರಿಗೂ ಕಾಣುತ್ತದೆ, ಜೊತೆಗೆ ಕೌಂಟಿಯ ಆರೋಗ್ಯ ಇಲಾಖೆಗೆ ದೂರಾಗಿಯೂ ಹೋಗುತ್ತದೆ.